ಹನ್ನೊಂದನೆಯ ಕಾಲಂ

ನವೆಂಬರ್ 4, 2024, ಸೋಮವಾರ

ಆಸ್ಪತ್ರೆಯ ಕೆಲಸಕ್ಕೆ ಸೇರಿ ಇಂದಿಗೆ ಇಪ್ಪತ್ತೆರಡು ದಿನ. ವಿಮೆ ಇರುವ ರೋಗಿಯೊಬ್ಬ ಹಾಸಿಗೆ ಸೇರಬೇಕಾದರೆ ಮೂವತ್ತಾರು ಕಾಲಂ ತುಂಬಬೇಕು. ಅಲ್ಲಿಯವರೆಗೆ ಅವನ ಹೊಟ್ಟೆನೋವು ಹೊಟ್ಟೆನೋವಲ್ಲ. ನನ್ನ ಬಳಿ ಇರುವ 'ಕಾಗದದ ಆಳ್ವಿಕೆ' ಎಂಬ ಕಿರುಹೊತ್ತಿಗೆಯ ಒಂಬತ್ತನೆಯ ಪುಟದಲ್ಲಿ ಇದನ್ನೇ ಹೇಳಿದೆ: ಮಾತು ಹೊರಡುವುದು ಬಡವನ ಬಾಯಿಂದ, ಆದರೆ ಕಾಗದಕ್ಕೆ ಇಳಿಯುವ ಹೊತ್ತಿಗೆ ಅದು ಬೇರೆ ಯಾರದೋ ಮಾತಾಗಿರುತ್ತದೆ. ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದೇನೆ.

ಅದಕ್ಕೇ ಮೊದಲ ದಿನವೇ ನಿರ್ಧರಿಸಿದೆ. ಜನ ಏನು ಹೇಳುತ್ತಾರೋ ಅದನ್ನೇ ಬರೆಯುತ್ತೇನೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ಸಿರಾಜುದ್ದೀನ ಕಾಕಾ ಹಾಗಲ್ಲ. ನವಲಗುಂದದಲ್ಲಿ ಈ ನರ್ಸಿಂಗ್ ಹೋಂ ತೆರೆದಾಗಿನಿಂದ ವಿಮೆಯ ಕಾಗದವೆಲ್ಲ ಅವರ ಕೈಯಲ್ಲೇ. ಹನ್ನೊಂದನೆಯ ಕಾಲಂ, 'ಈ ತೊಂದರೆ ಎಷ್ಟು ದಿನದಿಂದ?' ಎಂಬುದು ಬಂದ ಕೂಡಲೇ ಪೆನ್ನು ಕೆಳಗಿಡುತ್ತಾರೆ. ಒಮ್ಮೆ ಕೇಳುತ್ತಾರೆ, ಬರೆಯುವುದಿಲ್ಲ. ಮಳೆ, ಬೆಳೆ, ಬೀಗರ ಮನೆ ಎಂದು ಸುತ್ತಾಡಿ ಮತ್ತೊಮ್ಮೆ ಕೇಳುತ್ತಾರೆ. ಮೂರನೆಯ ಸಲ ಕೇಳಿದ ಮೇಲೆ ಬರೆಯುತ್ತಾರೆ. ಮೊದಲು ಹೇಳಿದ್ದಕ್ಕೂ ಬರೆದದ್ದಕ್ಕೂ ಸಂಬಂಧವೇ ಇರುವುದಿಲ್ಲ.

"ಕಾಕಾ, ಮಂದಿಗೆ ಹೇಳಿಕೊಟ್ಟು ಹೇಳಸೂದು ಸರಿ ಅಲ್ರಿ" ಎಂದೆ ಇವತ್ತು, ಎದುರಿಗೇ.

"ನಾ ಎಲ್ಲಿ ಹೇಳಿಕೊಟ್ಟೆ ತಂಗಿ? ಕೇಳ್ತೀನಿ ಅಷ್ಟ. ಮೂರು ಸಲ ಕೇಳಬೇಕು. ಮೊದಲನೇ ಸಲ ಡಾಕ್ಟರಿಗೆ ಹೇಳ್ತಾರ, ಎರಡನೇ ಸಲ ನಮಗ ಹೇಳ್ತಾರ. ಮೂರನೇ ಸಲ ತಮಗ ತಾವ ಹೇಳ್ಕೋತಾರ."

ಚಂದದ ಮಾತು. ಬಿಲ್ಲು ಪಾಸಾಗಲೆಂದು ಅಂಕಿ ತಿದ್ದುವವರು ಚಂದವಾಗಿಯೇ ಮಾತಾಡುತ್ತಾರೆ. ಜಿಲ್ಲಾ ಆರೋಗ್ಯಾಧಿಕಾರಿಗೆ ಎರಡು ಪುಟದ ದೂರು ಬರೆದು ಚೀಲದಲ್ಲಿ ಮಡಚಿಟ್ಟಿದ್ದೇನೆ. ಇನ್ನೂ ಸಾಕ್ಷಿ ಬೇಕು.

ಮಧ್ಯಾಹ್ನ ಕಾಕಾ ಬ್ಯಾಂಕಿಗೆ ಹೋಗಿದ್ದಾಗ ಮೊರಬದಿಂದ ಒಬ್ಬ ಮಹಿಳೆ ಬಂದರು. ಶಿವಗಂಗವ್ವ, ವಯಸ್ಸು ಐವತ್ತೈದು ಇರಬಹುದು, ಕೃಷಿ ಕಾರ್ಮಿಕೆ. ಎಡ ಪಕ್ಕೆ ಹಿಡಿದುಕೊಂಡು ಬಾಗಿ ನಡೆಯುತ್ತಿದ್ದರು. ಜೊತೆಗೆ ಸೊಸೆ ಸಣ್ಣವ್ವ.

"ಎಷ್ಟು ದಿನದಿಂದ ಐತ್ರಿ ನೋವು?"

"ದಿನಾ ಎಲ್ಲೀವು ತಂಗಿ, ಎಂಟ್ ವರ್ಷ ಆತು."

ಸೊಸೆ ಏನೋ ಹೇಳಲು ಬಾಯಿ ತೆರೆದಳು. ಅತ್ತೆ ಮೊಣಕೈಯಿಂದ ತಿವಿದರು. ಅವಳು ಬಾಯಿ ಮುಚ್ಚಿದಳು. ಬಡವರ ಮನೆಯಲ್ಲೂ ಸೊಸೆಯ ಬಾಯಿ ಕಟ್ಟುತ್ತಾರಲ್ಲ ಎಂದು ನೋವಾಯಿತು.

'8 ವರ್ಷ' ಎಂದು ಸ್ಪಷ್ಟವಾಗಿ ಬರೆದೆ. ಎಂಟು ವರ್ಷ! ಎಂಟು ವರ್ಷ ಈ ತಾಯಿ ನೋವು ನುಂಗಿಕೊಂಡು ಹತ್ತಿ ಬಿಡಿಸಿದ್ದಾಳೆ. ವ್ಯವಸ್ಥೆಯ ಮುಖಕ್ಕೆ ಹಿಡಿಯುವ ಕನ್ನಡಿ ಈ ಒಂದು ಅಂಕಿ. ಆ ಕನ್ನಡಿಯನ್ನು ಒಡೆದು ಹಾಕಲು ನಾನು ಬಿಡಲಿಲ್ಲ.

ನವೆಂಬರ್ 6, ಬುಧವಾರ

ಶಿವಗಂಗವ್ವನ ಸ್ಕ್ಯಾನಿಂಗ್ ಮತ್ತು ಎಕ್ಸ್-ರೇ ಆಯಿತು. ಎಡಗಡೆಯ ಮೂತ್ರನಾಳದಲ್ಲಿ ಕಡಲೆಕಾಳಿಗಿಂತ ದೊಡ್ಡ ಕಲ್ಲು. ಹಿಂದೆ ಮೂತ್ರ ಕಟ್ಟಿಕೊಂಡು ಕಿಡ್ನಿ ಬಾತಿದೆ. ಎರಡು ವಾರದೊಳಗೆ ತೆಗೆಯಬೇಕು, ತಡವಾದರೆ ಆ ಕಿಡ್ನಿ ಉಳಿಯುವ ಭರವಸೆಯಿಲ್ಲ ಎಂದರು ಡಾ. ರಘೂತ್ತಮ. ಕಲ್ಲು ತೆಗೆಯುವ ಸರ್ಜನ್ ಹುಬ್ಬಳ್ಳಿಯಿಂದ ಬುಧವಾರಕ್ಕೊಮ್ಮೆ ಮಾತ್ರ ಬರುತ್ತಾರೆ. ಅಂದರೆ ಹದಿಮೂರು, ಇಲ್ಲವೇ ಇಪ್ಪತ್ತು. ಅದರಾಚೆ ಇಲ್ಲ.

ಸರಕಾರಿ ಆರೋಗ್ಯ ಕಾರ್ಡು ನಮ್ಮಲ್ಲಿ ನಡೆಯುವುದಿಲ್ಲ. ಅದಕ್ಕೆ ಹುಬ್ಬಳ್ಳಿಗೇ ಹೋಗಬೇಕು. ಆ ಮಾತೆತ್ತಿದರೆ ಶಿವಗಂಗವ್ವ ಕೈ ಮುಗಿದುಬಿಡುತ್ತಾರೆ. "ನಮ್ಮ ಮನಿಯವರನ್ನ ಹುಬ್ಬಳ್ಳಿಗೆ ನಡಿಸ್ಕೋತ ಕರಕೊಂಡು ಹೋಗಿದ್ದೆ. ಮಲಗಿಸ್ಕೊಂಡು ತಂದೆ. ನಾ ಒಲ್ಲೆ." ಪುಣ್ಯಕ್ಕೆ ಊರಿನ ಮಹಿಳಾ ಸಂಘದವರು ಎರಡು ವರ್ಷದ ಹಿಂದೆ ಸದಸ್ಯರಿಗೆಲ್ಲ ಆರೋಗ್ಯ ವಿಮೆ ಮಾಡಿಸಿದ್ದಾರೆ. ಕಾಗದ ಕಳಿಸಿದೆವು. ಕಂಪನಿಯ ಒಪ್ಪಿಗೆ ಬಂದರೆ ಮುಂದಿನ ಬುಧವಾರವೇ ಆಪರೇಷನ್.

ನವೆಂಬರ್ 8, ಶುಕ್ರವಾರ

ನಿರಾಕರಿಸಿದ್ದಾರೆ.

ಒಂದೇ ಸಾಲು: 'ವಿಮೆ ಆರಂಭವಾಗುವ ಮೊದಲೇ ಇದ್ದ ಕಾಯಿಲೆ, ಮೂರು ವರ್ಷ ತುಂಬುವವರೆಗೆ ಅನ್ವಯಿಸುವುದಿಲ್ಲ.' ಶಿವಗಂಗವ್ವನ ಮುಖ ನೋಡದೆ, ಮೊರಬ ಎಲ್ಲಿದೆ ಎಂದೂ ಗೊತ್ತಿಲ್ಲದೆ, ತಂಪು ಕೋಣೆಯಲ್ಲಿ ಕುಳಿತ ಯಾರೋ ಬರೆದ ಸಾಲು. ಕಂಪನಿಯ ವಿರುದ್ಧ ಒಂದು ಕರಪತ್ರ ಬರೆಯುತ್ತೇನೆ, ಬಸ್ ನಿಲ್ದಾಣದಲ್ಲಿ ನಾನೇ ನಿಂತು ಹಂಚುತ್ತೇನೆ ಎಂದು ಕೂಗಾಡಿದೆ. ಕಾಯುತ್ತ ಕುಳಿತಿದ್ದ ರೋಗಿಗಳೆಲ್ಲ ನನ್ನನ್ನೇ ನೋಡಿದರು.

ಕಾಕಾ ಫೈಲು ತೆರೆದು ಹನ್ನೊಂದನೆಯ ಕಾಲಮಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು. ಆಮೇಲೆ ಚಹಾ ತರಿಸಿದರು.

ಅಕ್ಷರ ನನ್ನದೇ. ಎಷ್ಟು ಸ್ಪಷ್ಟವಾಗಿದೆ.

ನವೆಂಬರ್ 9

ಊಟ ಸೇರಲಿಲ್ಲ. ಮನೆಗೆ ಹೋಗುವ ಅಣ್ಣಿಗೇರಿಯ ಬಸ್ಸಿನಲ್ಲಿ ಇಳಿಯುವುದನ್ನೂ ಮರೆತು ಮುಂದಿನ ಸ್ಟಾಪಿನಿಂದ ನಡೆದು ಬಂದೆ.

ನವೆಂಬರ್ 11, ಸೋಮವಾರ

ಫೋನು ಮಾಡಿ ಕರೆಸಿದೆ. ಅತ್ತೆ ಸೊಸೆ ಇಬ್ಬರೂ ಬಂದರು. ಈ ಸಲ ಕಾಕಾ ಎದುರಿಗೆ ಕುಳಿತರು. ನಾನು ಪಕ್ಕದಲ್ಲಿ. ಮಗನ ಲಗ್ನ, ಮನೆಯ ಸುದ್ದಿ ಎಲ್ಲ ಮಾತಾಡಿಸಿದ ಮೇಲೆ ಕಾಕಾ ಶುರು ಮಾಡಿದರು.

"ಗಂಗವ್ವಾರ, ಎಂಟ್ ವರ್ಷದಿಂದ ನೋವು ಅಂತ ಹೇಳೀರಂತಲ್ಲ?"

"ಹೌದ್ರಿ."

"ಎಂಟ್ ವರ್ಷದ ಹಿಂದ ನಿಮ್ಮ ಮಗಂದು ಇನ್ನೂ ಲಗ್ನ ಆಗಿದ್ದಿಲ್ಲ. ಲಗ್ನದಾಗ ನೋವಿತ್ತೇನು?"

"ಲಗ್ನದಾಗ ಎಲ್ಲೀ ನೋವ್ರಿ! ಮೂರು ದಿನ ನಾನ ನಿಂತು ಬುಂದೆ ಉಂಡಿ ಕಟ್ಟೀನಿ."

"ಹಂಗಾರ ಮೊದಲನೇ ಸಲ ಹಿಡಕೊಂಡಾಗ ಹೊಲದಾಗ ಏನಿತ್ತು?"

ಶಿವಗಂಗವ್ವ ಯೋಚಿಸಿದರು. "ಕಡ್ಲಿ. ಕಡ್ಲಿ ಕೀಳಾಕತ್ತಿದ್ವಿ. ಹುಳಿ ಹತ್ತಿ ಕೈ ಉರೀತಿದ್ವು. ಅಲ್ಲೇ ಬದುವಿನ ಮ್ಯಾಲ ಕುಂತಬಿಟ್ಟೆ."

"ಯಾವ ಕಡ್ಲಿ?"

"ಹೋದ ಸುಗ್ಗೀದ. ಶಿವರಾತ್ರಿ ಇನ್ನೂ ಬಂದಿದ್ದಿಲ್ಲ."

ಒಂಬತ್ತು ತಿಂಗಳು! ಎಂಟು ವರ್ಷವಲ್ಲ, ಒಂಬತ್ತೇ ತಿಂಗಳು. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. "ಮತ್ತ ನನಗ ಯಾಕ ಎಂಟ್ ವರ್ಷ ಅಂದ್ರಿ?"

"ಅಲ್ಲ ತಂಗಿ, ಒಂಬತ್ತು ತಿಂಗಳು ಅಂದ್ರ ಯಾರು ಕಿವಿಗೆ ಹಾಕ್ಕೋತಾರ? ಎರಡು ಗುಳಿಗಿ ಕೊಟ್ಟು, ಹೋಗಿ ಬಾ ಅಂತಾರ. ದವಾಖಾನ್ಯಾಗ ಸ್ವಲ್ಪ ಏರಿಸಿ ಹೇಳಬೇಕು. ನಮ್ಮ ಓಣ್ಯಾಗ ಎಲ್ಲಾರೂ ಹಂಗ ಹೇಳ್ತಾರ."

"ನಾ ಅವತ್ತ ಹೇಳಾಕ ಬಂದಿದ್ದೆ" ಎಂದಳು ಸಣ್ಣವ್ವ. "ಪಕ್ಕಿಗೆ ತಿವಿದ್ರಿ. ನಿಮಗಿಂತ ನನಗ ಜಾಸ್ತಿ ನೋವಾತು."

"ಸುಮ್ಮನಿರಬೇ, ದೊಡ್ಡ ವಕೀಲಿ!"

ಕಾಕಾ ನಕ್ಕರು. ನನಗೆ ನಗು ಬರಲಿಲ್ಲ. ಅವರಿಬ್ಬರೂ ಹೊರಗೆ ಹೋದ ಕೂಡಲೇ ಹೇಳಿದೆ: "ಕಾಕಾ, ಹೊಸಾ ಫಾರಂ ಬರೀತೀನಿ. ಒಂಬತ್ತು ತಿಂಗಳು ಅಂತ ಹಾಕಿ, ಹಳೇದನ್ನ ಹರಿದು ಹಾಕೂಣು. ಅದ ಖರೆ ಅಲ್ಲೇನ್ರಿ?"

"ಖರೇನ. ಆದರ ಒಮ್ಮಿ ಹೋದ ಕಾಗದ ಹೋತು. ಅದನ್ನ ಹರೀಬಾರದು. ಅದರ ಬಾಜೂಕ ಇನ್ನೊಂದು ಕಾಗದ ಇಡಬೇಕು, ಇದು ಯಾಕ ಖರೆ ಅಂತ. ಇಪ್ಪತ್ತಾರು ವರ್ಷದಾಗ ನಾ ಒಂದು ಫಾರಮೂ ಹರದಿಲ್ಲ ತಂಗಿ."

ಹರಿಯಲು ಕೈಗೆತ್ತಿಕೊಂಡಿದ್ದ ಹಳೆಯ ಫಾರಮನ್ನು ಮತ್ತೆ ಫೈಲಿಗೆ ಸೇರಿಸಿದೆ.

ಸಂಜೆ ಡಾಕ್ಟರ ಬಳಿ ಹೋದೆವು. ವಿಮೆ ಶುರುವಾಗುವ ಮುಂಚಿನ ಯಾವುದಾದರೂ ಸ್ಕ್ಯಾನಿಂಗು, ಎಕ್ಸ್-ರೇ ಇದ್ದು, ಅದರಲ್ಲಿ ಕಲ್ಲು ಇಲ್ಲದಿದ್ದರೆ ತಾವು ಪತ್ರ ಬರೆದುಕೊಡುವುದಾಗಿ ಹೇಳಿದರು. ಬಸ್ಸಿಗೆ ಕಾಯುತ್ತಿದ್ದ ಶಿವಗಂಗವ್ವನ ಹತ್ತಿರ ಓಡಿದೆ.

"ಹಿಂದ ಯಾವಾಗರ ಫೋಟೋ ತಗಿಸಿದ್ರೇನು? ಕರೀ ಫೋಟೋ?"

"ತಗಿಸಿದ್ದೆ. ಟ್ರ್ಯಾಲಿ ಮ್ಯಾಲಿಂದ ಬಿದ್ದಾಗ ಸೊಂಟದ್ದು. ಎಲುಬು ಗಟ್ಟಿ ಅದಾವು ಅಂದಿದ್ರು."

"ಯಾವಾಗ ಬಿದ್ದಿದ್ರಿ?" ಎನ್ನುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡೆ. "ಆವಾಗ ಹೊಲದಾಗ ಏನಿತ್ತು?"

"ಏನೂ ಇದ್ದಿಲ್ಲ. ಜ್ವಾಳಾ ಹೇರಿ ಮುಗಿಸಿದ್ವಿ. ಯುಗಾದಿ ಮುಂದಿತ್ತು. ಸಂಘದಾಗ ನಾ ಇನ್ನೂ ಸೇರಿದ್ದಿಲ್ಲ."

ಸಂಘಕ್ಕೆ ಸೇರುವ ಮುಂಚೆ ಎಂದರೆ ವಿಮೆಗೂ ಮುಂಚೆ! "ಆ ಫೋಟೋ ಈಗ ಎಲ್ಲೈತ್ರಿ?"

ಶಿವಗಂಗವ್ವ ಸೆರಗು ಸರಿಪಡಿಸಿಕೊಂಡರು. "ಹಸನಬಿ ಒಯ್ದಳಲ್ಲ."

ನವೆಂಬರ್ 12, ಮಂಗಳವಾರ

ಅರ್ಧ ದಿನದ ರಜೆ ಹಾಕಿ ಮೊರಬಕ್ಕೆ ಹೋದೆ. ಇಷ್ಟು ಹತ್ತಿರದ ಊರು, ಇದೇ ಮೊದಲ ಸಲ ಹೋಗುತ್ತಿರುವುದು. ಬಸ್ಸು ಇಳಿದು ಶಿವಗಂಗವ್ವನ ಓಣಿ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಹಸನಬಿ ಎಂದ ಕೂಡಲೇ ನಾಲ್ಕು ಜನ ಕೈ ತೋರಿಸಿದರು. ಆಕೆ ಜಂಪರ ಹೊಲಿಯುವವಳು. ಶಿವಗಂಗವ್ವನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ.

ಕಟ್ಟೆಯ ಮೇಲೆ ಹೊಲಿಗೆ ಯಂತ್ರ. ಹಿಂದಿನ ಗೋಡೆಗೆ ಒಂದು ಮೊಳೆ. ಮೊಳೆಗೆ ಆ ಎಕ್ಸ್-ರೇ ಫಿಲ್ಮ್ ನೇತಾಡುತ್ತಿತ್ತು.

ಮೇಲಿನ ಅಂಚಿನ ನಟ್ಟನಡುವೆ ಅರ್ಧಚಂದ್ರಾಕಾರವಾಗಿ ಕತ್ತರಿಸಿಹೋಗಿತ್ತು. ಮೊಳೆಯಿಂದ ತೆಗೆದು ಇಳಿಬಿಸಿಲಿಗೆ ಹಿಡಿದೆ. ಬೆನ್ನೆಲುಬಿನ ಮೇಲಿನ ಒಂದು ತುಂಡು ಹೋಗಿತ್ತು, ಅಷ್ಟೇ. ಎರಡೂ ಪಕ್ಕ ಪೂರ್ತಿ ಉಳಿದಿತ್ತು. ಮೊಳೆಗೆ ಸಿಕ್ಕಿಸಲು ತೂತು ಮಾಡಿದ ಮೂಲೆಯಲ್ಲಿ ಬಿಳಿ ಅಕ್ಷರ: ಶಿವಗಂಗವ್ವ, 52, ಹೆಣ್ಣು, 22 ಮಾರ್ಚ್ 2022. ವಿಮೆ ಶುರುವಾದದ್ದು ಆ ವರ್ಷದ ಆಗಸ್ಟಿನಲ್ಲಿ.

"ಅದನ್ನ ಯಾಕ ತಗೀತಿ? ಅದು ನನ್ನ ಬೋಟ್ ನೆಕ್ಕು, ಜಂಪರದ ಕೊಳ್ಳಿನ ಅಳತಿ" ಎಂದಳು ಹಸನಬಿ, ಯಂತ್ರ ನಿಲ್ಲಿಸದೆ.

ಎಲ್ಲ ವಿವರಿಸಿದೆ. ಆಕೆಗೆ ಕಾಯಿಲೆ ಅರ್ಥವಾಯಿತು, ವಿಮೆಯೂ ಅರ್ಥವಾಯಿತು. ಆದರೂ ಫಿಲ್ಮ್ ಕೊಡಲು ಒಪ್ಪಲಿಲ್ಲ. "ರಟ್ಟು ಮೆತ್ತಗಾಗ್ತೈತಿ, ಪೇಪರ್ ಹರೀತೈತಿ. ಇದು ಒಂದ ನೋಡು, ಎರಡು ವರ್ಷ ಆತು, ಗೆರಿ ಹಂಗ ಐತಿ. ಈ ಓಣ್ಯಾಗ ಇರೂ ಜಂಪರೆಲ್ಲಾ ಗಂಗವ್ವಕ್ಕನ ಬೆನ್ನಿನ ಮ್ಯಾಲೇ ಕತ್ತರಿಸೀನಿ. ಭಾನುವಾರ ಲಗ್ನ ಐತಿ, ಹದಿನಾಲ್ಕು ಜಂಪರ ಕುಂತಾವ. ಏನ್ ಮಾಡ್ಲಿ?"

ಗೋಡೆಯ ಆಚೆಯಿಂದ ಶಿವಗಂಗವ್ವನ ದನಿ ಬಂತು: "ಕೊಡಬೇ ಹಸನಬಿ! ನಾ ಸತ್ರ ನಿನಗ ಇನ್ನೊಂದು ಬೆನ್ನು ಎಲ್ಲಿ ಸಿಗ್ತೈತಿ?"

"ಹಂಗ ಅನಬ್ಯಾಡಕ್ಕ, ಮೂರುಸಂಜಿ!" ಹಸನಬಿ ಯಂತ್ರ ನಿಲ್ಲಿಸಿದಳು. ನನ್ನ ಚೀಲದ ಕಡೆ ನೋಡಿದಳು. "ನಿನ್ನ ಹಂತೇಲಿ ಗಟ್ಟಿ ಕಾಗದ ಏನರ ಐತೇನು? ಗೆರಿ ತಕ್ಕೊಂಡು ಕೊಡ್ತೀನಿ."

ಚೀಲದಲ್ಲಿ ಗಟ್ಟಿ ಕಾಗದ ಎಂದರೆ 'ಕಾಗದದ ಆಳ್ವಿಕೆ' ಒಂದೇ. ಕೊಟ್ಟೆ. ಬಿಡಿಸಿ ಹಾಸಿ, ಮೇಲೆ ಫಿಲ್ಮ್ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕರಕರ ಕತ್ತರಿಸಿದಳು. ಒಂಬತ್ತನೆಯ ಪುಟದ ಕೆಂಪು ಗೆರೆ ಅರ್ಧ ಹೋಯಿತು. "ಕಾಗದ ಪಾಡ ಐತಿ, ಗಟ್ಟಿ ಐತಿ" ಎಂದಳು.

ಶಿವಗಂಗವ್ವ ಒತ್ತಾಯ ಮಾಡಿ ರೊಟ್ಟಿ ತಿನ್ನಿಸಿದರು. ಅವರು ತಿನ್ನಲಿಲ್ಲ. ಮುಖ ಸ್ವಲ್ಪ ಊದಿದೆ ಎನಿಸಿತು. ಜ್ವರ ಬಂದರೆ ಕೂಡಲೇ ಫೋನು ಮಾಡಲು ಸಣ್ಣವ್ವನಿಗೆ ನನ್ನ ನಂಬರು ಬರೆದುಕೊಟ್ಟೆ.

ನವೆಂಬರ್ 13, ಬುಧವಾರ

ಡಾಕ್ಟರು ಹಳೆಯ ಫಿಲ್ಮನ್ನೂ ಹೊಸ ಎಕ್ಸ್-ರೇಯನ್ನೂ ದೀಪದ ಪೆಟ್ಟಿಗೆಗೆ ಒಟ್ಟಿಗೆ ಸಿಕ್ಕಿಸಿದರು. ಹೊಸದರಲ್ಲಿ ಎಡಗಡೆ ಬಿಳಿಯ ಕಾಳು. ಹಳೆಯದರಲ್ಲಿ ಅದೇ ಜಾಗ ಖಾಲಿ. ಬಹಳ ಹೊತ್ತು ನೋಡಿ, "ಈ ಕತ್ತರಿ ಹಾಕಿದ ಡಾಕ್ಟರ್ ಯಾರ್ರಿ, ಸಿರಾಜುದ್ದೀನ?" ಎಂದರು. ನಕ್ಕು ಒಂದು ಪುಟದ ಪತ್ರ ಬರೆದುಕೊಟ್ಟರು. ಮರುಪರಿಶೀಲನೆಗೆ ಕಳಿಸಿದೆವು. ಜೊತೆಗೆ ಶಿವಗಂಗವ್ವನ ಹೊಸ ಹೇಳಿಕೆ, ಅವರ ಹೆಬ್ಬೆಟ್ಟು. ನನ್ನ ಹಳೆಯ ಫಾರಂ ಹಾಗೆಯೇ ಇದೆ.

ಸರ್ಜನ್ ಬಂದು ಬೇರೆಯವರ ಆಪರೇಷನ್ ಮುಗಿಸಿ ಹೋದರು. ಇನ್ನು ಒಂದೇ ಬುಧವಾರ ಉಳಿದಿದೆ.

ನವೆಂಬರ್ 15, ಶುಕ್ರವಾರ

ಕಂಪನಿಯಿಂದ ಪ್ರಶ್ನೆ: 'ಫಿಲ್ಮಿನ ಒಂದು ಭಾಗವನ್ನು ಕತ್ತರಿಸಿ ತೆಗೆಯಲಾಗಿದೆ. ಕಾರಣ ತಿಳಿಸಿ.'

ಏನು ಬರೆಯುವುದೆಂದು ಕಾಕಾನ ಮುಖ ನೋಡಿದೆ. "ಇದ್ದದ್ದನ್ನ ಇದ್ದಂಗ ಬರಿ" ಎಂದರು. "ಅದು ನಿನಗ ಚೊಲೋ ಬರತೈತಿ."

ಬರೆದೆ: 'ಸದರಿ ಫಿಲ್ಮನ್ನು ರೋಗಿಯ ನೆರೆಮನೆಯ ದರ್ಜಿಯು ಜಂಪರಿನ ಕೊರಳಿನ ಅಳತೆಗಾಗಿ ಬಳಸಿರುತ್ತಾರೆ. ಕತ್ತರಿಸಿದ ಭಾಗದಲ್ಲಿ ಬೆನ್ನೆಲುಬಿನ ಒಂದು ತುಂಡು ಮಾತ್ರ ಇದ್ದು, ಎರಡೂ ಮೂತ್ರಪಿಂಡ ಹಾಗೂ ಮೂತ್ರನಾಳಗಳ ಜಾಗ ಪೂರ್ಣವಾಗಿ ಉಳಿದಿರುತ್ತದೆ.' ಓದಿ ಹೇಳುವಾಗ ಕಾಕಾ ನಗು ತಡೆಯಲಾಗದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಡಾಕ್ಟರು ಸಹಿ ಹಾಕಿದರು.

ಆಮೇಲೆ ಕೆಲಸ ಕಡಿಮೆ ಇತ್ತು. ಯಾವ ತಿಂಗಳು ಹೊಲದಲ್ಲಿ ಏನಿರುತ್ತದೆ ಎಂದು ಕಾಕಾನ ಹತ್ತಿರ ಕೇಳಿ ಬರೆದುಕೊಂಡೆ. ಹೆಸರುಕಾಯಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು, ಹತ್ತಿಯ ಮೊದಲ ಬಿಡಿ, ಎರಡನೆಯ ಬಿಡಿ. ಹಾಳೆ ಸಿಗಲಿಲ್ಲ. ಚೀಲದಲ್ಲಿ ಮಡಚಿಟ್ಟ ಆ ದೂರಿನ ಎರಡು ಹಾಳೆ ಇದ್ದವು, ಹಿಂಬದಿ ಖಾಲಿ ಇತ್ತು. ಅದರಲ್ಲೇ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ, ಬೆಳೆಯ ಪಟ್ಟಿ ಮೇಲೆ ಬರುವಂತೆ.

ನವೆಂಬರ್ 17, ಭಾನುವಾರ

ಸಣ್ಣವ್ವನ ಫೋನು. ಜ್ವರವೇ ಎಂದು ಕೇಳಿದೆ. ಜ್ವರವಲ್ಲ. "ಅತ್ತಿ ಲಗ್ನಕ್ಕ ಹೋಗ್ತೀನಿ ಅಂತಾರ, ನೀವ ಹೇಳ್ರಿ" ಎಂದಳು. ಹಿಂದಿನಿಂದ ಕೇಳಿಸಿತು: "ಹದಿನಾಲ್ಕು ಜಂಪರದಾಗ ನನ್ನ ಬೆನ್ನು ಹೊಂಟೈತಿ, ನಾ ಮನ್ಯಾಗ ಇರ್ಲ್ಯಾ?" ಬೈದೆ. ತಾಯಿಗೆ ಬೈದಂತೆ ಬೈದೆ.

ನವೆಂಬರ್ 18, ಸೋಮವಾರ

ಒಪ್ಪಿದ್ದಾರೆ! ಮಧ್ಯಾಹ್ನ ಮೂರೂವರೆಗೆ ಬಂತು. ನಾಲ್ಕು ಸಲ ಓದಿದೆ. ಕಾಕಾ ಹೋಗಿ ಪೇಡೆ ತಂದರು. ನಾನು ಬಚ್ಚಲಿಗೆ ಹೋಗಿ ಅತ್ತೆ. ಯಾಕೆ ಎಂದು ಗೊತ್ತಿಲ್ಲ. ನೋವಿನ ಅಳುವಲ್ಲ ಅದು.

ನವೆಂಬರ್ 20, ಬುಧವಾರ

ಹನ್ನೊಂದು ಗಂಟೆಗೆ ಒಳಗೆ ಕರೆದೊಯ್ದರು. ಹೋಗುವಾಗ ಶಿವಗಂಗವ್ವ ನನ್ನ ಕೈ ಹಿಡಿದು, "ಇಲ್ಲೆ ಇರ್ತಿ ಹೌದಿಲ್ಲ?" ಎಂದರು. ಬಾಗಿಲ ಹೊರಗೆ ಸಣ್ಣವ್ವ, ನಾನು. ಸಣ್ಣವ್ವ ಅವತ್ತು ತಿವಿಸಿಕೊಂಡ ಪಕ್ಕೆಯನ್ನು ಮುಟ್ಟಿಕೊಳ್ಳುತ್ತ, "ಬದುಕಿ ಬರಲಿ, ದಿನಾ ತಿವೀಲಿ" ಎಂದಳು.

ಹನ್ನೆರಡೂಕಾಲಿಗೆ ಸರ್ಜನ್ ಹೊರಗೆ ಬಂದರು. ಕಲ್ಲು ಬಂತು, ಕಿಡ್ನಿ ಉಳಿಯಿತು. ಸಣ್ಣ ಬಾಟಲಿಯಲ್ಲಿ ಕಲ್ಲಿನ ಚೂರುಗಳನ್ನು ಹಾಕಿ ಕೊಟ್ಟರು. ಹೊರಗೆ ಹಿಟ್ಟಿನಂಥ ಬಿಳಿ ಬಿಸಿಲು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಡಬ್ಬಿಯ ಊಟ ಪೂರ್ತಿ ತಿಂದೆ. ಎಷ್ಟೋ ದಿನಗಳ ಮೇಲೆ ಉಪ್ಪಿನಕಾಯಿಯ ರುಚಿ ಗೊತ್ತಾಯಿತು.

ನವೆಂಬರ್ 27, ಬುಧವಾರ

ಇವತ್ತು ತಂಬೂರ ಎಂಬ ಊರಿನ ಕುಬೇರಪ್ಪ ಎಂಬವರು ಬಂದಿದ್ದರು. ನವಲಗುಂದದ ಮಗಳ ಮನೆಯಲ್ಲಿದ್ದಾರೆ. ಮೊಣಕಾಲು ನೋವು. ಹತ್ತು ವರ್ಷ ಆಯಿತು ಎಂದರು. ಪೆನ್ನು ಕೆಳಗಿಟ್ಟೆ. ತಂಬೂರದ ಕಡೆ ಭತ್ತವಂತೆ. ನನ್ನ ಪಟ್ಟಿಯಲ್ಲಿ ಭತ್ತ ಇಲ್ಲ. ಅವರಿಂದಲೇ ಕೇಳಿ ಸೇರಿಸಿಕೊಂಡೆ. ಮೂರು ಸಲ ಕೇಳಿದ ಮೇಲೆ ಬಂದ ಉತ್ತರ: ಹೋದ ನಾಟಿಯಿಂದ. ಅವರ ಹಿಂದೆ ಏಳು ಜನ ಕಾಯುತ್ತಿದ್ದರು. ಒಬ್ಬರೂ ಗೊಣಗಲಿಲ್ಲ, ಗೊಣಗಿದ್ದರೆ ನನಗೆ ಕೇಳಿಸಲಿಲ್ಲ.

ಡಿಸೆಂಬರ್ 1, ಭಾನುವಾರ

ಫಿಲ್ಮ್ ವಾಪಸ್ ಕೊಡಲು ಮೊರಬಕ್ಕೆ ಹೋಗಿದ್ದೆ. ಹಾಗೇ ಒಂದು ಜಂಪರದ ಬಟ್ಟೆಯನ್ನೂ ಒಯ್ದಿದ್ದೆ, ಅಬ್ಬಲಿಗೆ ಬಣ್ಣದ್ದು. ಶಿವಗಂಗವ್ವ ಬಿಸಿಲಿಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕುಳಿತು ಕಡಲೆಗಿಡದ ಎಳೆಕುಡಿ ಸೋಸುತ್ತಿದ್ದರು, ನೆಟ್ಟಗೆ. ಪಕ್ಕೆ ಹಿಡಿಯದೆ ಕುಳಿತಾಗ ಅವರು ಇಷ್ಟು ಎತ್ತರ ಎಂದು ನನಗೆ ಗೊತ್ತಿರಲಿಲ್ಲ.

ಹಸನಬಿ ಫಿಲ್ಮನ್ನು ಮತ್ತೆ ಮೊಳೆಗೆ ಸಿಕ್ಕಿಸಿ, ಏನೋ ಯೋಚಿಸಿ ತೆಗೆದು, ನನ್ನ ಬಟ್ಟೆಯ ಮೇಲೆ ಹಾಸಿದಳು.

"ಆಕಿಗೆ ಕೊಳ್ಳು ಸ್ವಲ್ಪ ಅಗಲ ಇಡಬೇ" ಎಂದರು ಶಿವಗಂಗವ್ವ. "ಭಾಳ ಒದರತೈತಿ ಹುಡುಗಿ, ಉಸರಾಡಲಿ."

ಹಸನಬಿ ಸೀಮೆಸುಣ್ಣ ಕೈಗೆತ್ತಿಕೊಂಡಳು. "ಎಂದಿಗೆ ಬೇಕವಾ?"

"ಬುಧವಾರಕ್ಕ ಬೇಕಾಗಿತ್ರಿ" ಎಂದೆ. "ಭಾಳ ಅರ್ಜೆಂಟ್ ಐತಿ."

ಆಕೆ ಸೀಮೆಸುಣ್ಣ ಕೆಳಗಿಟ್ಟಳು. ನನ್ನ ಮುಖ ನೋಡಿದಳು.

"ಎಲ್ಲಾರೂ ಮೊದಲ ಹಂಗ ಅಂತಾರ. ಖರೇ ಹೇಳು, ಎಂದಿಗೆ ಬೇಕು?"

"ಸಂಕ್ರಾಂತಿಗೆ" ಎಂದೆ.